ಹಾಲ್ಟಿನ ಅಜೀಜಬಿ

ಕೊಟ್ಟೂರಿನ ಆಚೆ ಮೂವತ್ತು ಮನೆಯ ಒಂದು ಊರಿದೆ. ಹೆಸರು ಹಾಲ್ಟ್. ಹಿಂದೆ ಸಣ್ಣ ರೈಲು ಅಲ್ಲಿ ಒಂದು ನಿಮಿಷ ನಿಲ್ಲುತ್ತಿತ್ತು, ಅಷ್ಟೇ ಅದರ ಹೆಸರಿನ ಪುರಾಣ. ಆ ಹಳಿ ಕಿತ್ತು ಎಷ್ಟೋ ಕಾಲವಾಯಿತು, ಹೊಸ ಹಳಿ ದೂರದಿಂದ ಹೋಯಿತು. ಆದರೂ ಊರಿನವರು ಹಳೇ ಹಳಿಯ ಏರಿ ದಾಟುವಾಗ ಎಡಕ್ಕೆ ಬಲಕ್ಕೆ ನೋಡಿಯೇ ಕಾಲಿಡುತ್ತಾರೆ. ನಗುವುದಿದ್ದರೆ ನಗಿ, ಅಜೀಜಬಿಯ ಮುಂದೆ ಮಾತ್ರ ಬೇಡ.

ಅವಳ ಗಂಡ ಗೌಸ್ ಪೀರ್ ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್. ರೈಲು ಬಂದ್ ಆದ ಮರುವಾರ ಅವನಿಗೆ ಬುತ್ತಿ ಒಯ್ದವಳು ಇವಳೇ. "ಇನ್ನ ಯಾವ ಗಾಡಿ ಬರ್ತೈತ್ರಿ? ಆ ಜಾಲಿ ನೆಳ್ಳಾಗ, ಹಳಿ ಮ್ಯಾಲ ಕುಂತು ಉಣ್ರಿ" ಅಂದವಳೂ ಇವಳೇ. ಹಳೇ ಸಾಮಾನು ಒಯ್ಯುವ ಇಂಜಿನ್ ಒಂದು ಬರುವುದಿತ್ತು, ಇಬ್ಬರಿಗೂ ಗೊತ್ತಿರಲಿಲ್ಲ. ಬಂತು. ಗೌಸ್ ಪೀರ್ ಅದರ ಕೆಳಗೆ ಹೋದ. ಅಯ್ಯೋ, ಆ ನಾಲಿಗೆ ಆ ಮಾತು ಯಾಕಾದರೂ ಆಡಿತೋ!

ಅಂದಿನಿಂದ ದಿನಾ ಊಟದ ಹೊತ್ತಿಗೆ ಏರಿಯ ಕಡೆಯಿಂದ "ಅಜೀಜಾ" ಎಂಬ ಗಂಡನ ಕೂಗು ಅವಳೊಬ್ಬಳಿಗೆ ಕೇಳುತ್ತಿತ್ತು. ಮೊದಮೊದಲು ಬಾಗಿಲು ಹಾಕಿಕೊಂಡು ಕೂತಳು. ಬರುಬರುತ್ತಾ ಆ ಕೂಗು ಕೇಳದೆ ತುತ್ತು ಇಳಿಯದಾಯಿತು.

ಈ ವರ್ಷ ಪಂಚಾಯ್ತಿ ಮೆಂಬರ್ ಪಾಲಾಕ್ಷಪ್ಪ ಊರಿಗೆ ಶಾಂತಿನಗರ ಅಂತ ಹೆಸರಿಡಲು ಹೊರಟ. "ರೈಲಿಲ್ಲದ ಊರಿಗೆ ಹಾಲ್ಟ್ ಅಂದ್ರ ಹೆಣ್ಣು ಕೊಡೋರೂ ನಗ್ತಾರ" ಅಂದ. ಎಲ್ಲರೂ ಸಹಿ ಹಾಕಿದರು. ಅಜೀಜಬಿ ಹೆಬ್ಬೆಟ್ಟು ಒತ್ತಲಿಲ್ಲ.

"ಹಟ ಯಾಕವ್ವಾ?" ಅಂದಳು ಪಕ್ಕದ ಮನೆ ಎರ್ರಮ್ಮ. "ಅವ್ರು ಮಣ್ಣಾಗಿ ಎಷ್ಟ್ ವರ್ಷಾತು, ನಿನಗ ಗೊತ್ತಿಲ್ಲೇನು?"

"ನಾನ ಅವ್ರನ್ನ ಕೊಂದಾಕಿ, ನನಗ ಗೊತ್ತಿರಂಗಿಲ್ಲೇನು? ಆದ್ರ ಸತ್ತೋರಿಗೆ ಊರಿನ ಹೊಸಾ ಹೆಸರು ಯಾರು ಹೇಳ್ತಾರ ಎರ್ರಮ್ಮಾ? ಎಲ್ಲಿ ಅಂತ ಹುಡುಕ್ಯಾರು?"

ಸೋಮವಾರ ಹೊಸ ಹೆಸರಿನ ಬೋರ್ಡು ನೆಟ್ಟೇಬಿಟ್ಟರು.

ಮಂಗಳವಾರ ಮಧ್ಯಾಹ್ನ ಕೂಗು ಬರಲಿಲ್ಲ. ಅಜೀಜಬಿ ಗಂಗಾಳದ ಮುಂದೆ ಕಾದಳು, ಕಾದಳು. ಅನ್ನ ಆರಿತು. ಎದ್ದವಳೇ ಬರಿಗಾಲಲ್ಲಿ ಬಿಸಿಲಿನ ಏರಿ ಹತ್ತಿದಳು.

"ಹಾಲ್ಟ್ ಇಲ್ಲೇ ಐತ್ರೀ! ಹೆಸರಷ್ಟ ಬದಲಾಗೈತಿ, ಬರ್ರೀ!"

ಗಂಟಲು ಹರಿಯುವಂತೆ ಕೂಗಿದಳು. ಹೊಲದವರು ಕೆಲಸ ಬಿಟ್ಟು ನೋಡಿದರು. ಎರ್ರಮ್ಮ ಓಡಿಬಂದು ಅವಳ ರಟ್ಟೆ ಹಿಡಿದು ಮನೆಯ ಕಡೆ ಎಳೆದಳು.

"ಬಿಡವ್ವಾ, ಇನ್ನೊಂದು ಸಲ ಕೂಗ್ತೀನಿ" ಅಂದಳು ಅಜೀಜಬಿ. "ಅವ್ರಿಗೆ ಕಿವಿ ಮಂದ. ಅದು ಗೊತ್ತಿದ್ದೂ ಹಳಿ ಮ್ಯಾಲ ಕುಂದರ್ರಿ ಅಂದಿದ್ದೆ."