ಪೆಡಲಣ್ಣನ ಪ್ರಶ್ನೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗ್ಯಾರೇಜಿನ ಶಟರ್ ಅರ್ಧ ಮೇಲೆದ್ದಿದೆ. ಜಾಕಿ ಕೊಟ್ಟು ನಿಲ್ಲಿಸಿದ ಹಳೆಯ ವ್ಯಾನಿನ ಡ್ರೈವರ್ ಸೀಟಿನಲ್ಲಿ ಒಬ್ಬರು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಾರೆ. ವ್ಯಾನೂ ಎಲ್ಲಿಗೂ ಹೋಗುವುದಿಲ್ಲ, ಅವರೂ ಹೋಗುವುದಿಲ್ಲ. ಬಲಗಾಲು ಬ್ರೇಕ್ ಪೆಡಲಿನ ಮೇಲಿದೆ. ಹಿಂದಿನ ಚಕ್ರದ ಬಳಿ ಕುಕ್ಕರುಗಾಲಿನಲ್ಲಿ ಕೂತವನು ಅವರ ತಮ್ಮ.

"ರಿಂಗ್ ಹಾಕಿದ್ಯೇನೋ?"

"ಹೂಂ."

"ಆರು ಮೂಲೇದಾ?"

"ಹೂಂ ಅಂದ್ನಲ್ಲ. ಒತ್ತು."

ಪೆಡಲ್ ಕೆಳಗಿಳಿಯುತ್ತದೆ. ತಮ್ಮ ರಿಂಗ್ ಸ್ಪ್ಯಾನರಿನಿಂದ, ಬ್ರೇಕಿನೊಳಗಿನ ಗಾಳಿ ಬಿಡುವ ನಿಪ್ಪಲ್ ಸಡಿಲಿಸುತ್ತಾನೆ. ಅದಕ್ಕೆ ಸಿಕ್ಕಿಸಿದ ಪೈಪಿನಲ್ಲಿ ಗುಳ್ಳೆ ಗುಳ್ಳೆಯಾಗಿ ಗಾಳಿ, ಹಿಂದೆಯೇ ಬ್ರೇಕ್ ಆಯಿಲ್. ನಿಪ್ಪಲ್ ಬಿಗಿದ ಮೇಲೆ "ಬಿಡು" ಎನ್ನುತ್ತಾನೆ. ಅದಕ್ಕೆ ಮುಂಚೆ ಕಾಲೆತ್ತಿದರೆ ಗಾಳಿ ವಾಪಸ್ ಒಳಹೊಕ್ಕು ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಗ್ಯಾರೇಜಿನವರಿಗೆ ಇವರು ಪೆಡಲಣ್ಣ. "ಮುಂಚೆ ಮೇಸ್ತ್ರಿ ಅಂತಿದ್ರು. ಕಾಲಿನ ಜೊತೆ ಹೆಸರೂ ಹೋಯ್ತು" ಎಂದು ನಗುತ್ತಾರೆ. ಆ ನಗು ನೋಡಲು ಹಿತವಾಗಿಲ್ಲ.

ನಿಪ್ಪಲ್ ಎಂದರೇನು ಎಂದು ನಾನು ಕೇಳಿದರೆ ಮಾತ್ರ ಮುಖ ಅರಳುತ್ತದೆ. "ಕಿರುಬೆರಳಿನ ತುದಿಯಷ್ಟಿರುತ್ತೆ. ಒಳಗೆ ತೂತು, ಅದಕ್ಕೇ ಬಲ ಕಮ್ಮಿ. ಕೆಸರು ಕುಡ್ದು ತುಕ್ಕು ಹಿಡಿದಿರುತ್ತೆ. ಓಪನ್ ಸ್ಪ್ಯಾನರ್ ಎರಡೇ ಕಡೆ ಕಚ್ಚುತ್ತೆ, ಜಾರುತ್ತೆ, ಮೂಲೆ ಸವೆದು ಗುಂಡಗಾಗುತ್ತೆ. ಆರು ಮೂಲೆ ರಿಂಗ್ ಸುತ್ತಲೂ ತಬ್ಕೊಳ್ಳುತ್ತೆ. ಅಳತೆ ಸರಿಯಾಗಿರ್ಬೇಕು, ಒಂಚೂರೂ ಅಲ್ಲಾಡ್ಬಾರ್ದು. ಮೊದ್ಲು ರಿಂಗ್ ಕೂರ್ಸು, ಆಮೇಲೆ ಪೈಪ್ ಸಿಕ್ಸು. ಇಷ್ಟೇ ಕಣ್ರೀ."

ಆ ಇಷ್ಟರಲ್ಲೇ ಎಡಗಾಲು ಹೋಗಿದೆ. ಆಗ ಚಕ್ರದ ಬಳಿ ಕೂರುತ್ತಿದ್ದವರು ಇವರು. ಒಂದು ದಿನ ಇವರು ಊಟಕ್ಕೆ ಹೋದಾಗ, ಗಿರಾಕಿಯ ಅವಸರ ತಡೆಯಲಾರದೆ ಈ ತಮ್ಮ, ಕೈಗೆ ಸಿಕ್ಕ ಓಪನ್ ಸ್ಪ್ಯಾನರನ್ನೇ ಹಾಕಿದ. ನಿಪ್ಪಲ್ ಸಡಿಲವಾಯಿತು, ಮೂಲೆಗಳು ಸವೆದವು, ಮತ್ತೆ ಬಿಗಿಯಾಗಲಿಲ್ಲ. ಅಣ್ಣ ಬೈದಾನು ಎಂದು ಸೋರಿದ ಆಯಿಲ್ ಒರೆಸಿ ಸುಮ್ಮನಾದ. ಟ್ರಯಲ್ ನೋಡಲು ಅಣ್ಣ ವ್ಯಾನ್ ಹೊರಗೆ ತೆಗೆದರು. ಇಳಿಜಾರಿನಲ್ಲಿ ಆಯಿಲ್ ಎಲ್ಲ ಚಿಮ್ಮಿ ಪೆಡಲ್ ತಳ ಮುಟ್ಟಿತು, ಬ್ರೇಕ್ ಹಿಡಿಯಲಿಲ್ಲ. ಎದುರಿಗೆ ಗೋಡೆ. ಮಂಡಿ ಈಗ ಮಡಚುವುದಿಲ್ಲ, ಚಕ್ರದ ಬಳಿ ಕೂರುವಂತಿಲ್ಲ. ಉಳಿದದ್ದು ಪೆಡಲ್ ಒಂದೇ.

ಇಬ್ಬರದೂ ಅಕ್ಕಪಕ್ಕದ ಮನೆ. ಪೆಡಲಣ್ಣನ ಹೆಂಡತಿ ಹೇಳುತ್ತಾರೆ: "ಮನೇಲಿ ಇಬ್ರೂ ಮೂಗರು. ಬಾಯಿ ಬರೋದು ಗ್ಯಾರೇಜಲ್ಲೇ. ಒತ್ತು, ಬಿಡು, ರಿಂಗ್ ಹಾಕಿದ್ಯೇನೋ. ಅಷ್ಟಕ್ಕೇ ಮುಗೀತು."

ಈಗ ಅದಕ್ಕೂ ಕಲ್ಲು ಬೀಳಲಿದೆ. ಮುಂದಿನ ವಾರ ಮಿಷನ್ ಬರುತ್ತಿದೆ. ಅದು ತಾನೇ ಒತ್ತಡ ಕೊಟ್ಟು ಗಾಳಿ ಹೊರಹಾಕುತ್ತದೆ, ಪೆಡಲಿಗೆ ಆಳು ಬೇಡ. ಮಾಲೀಕರು "ಅವನಿಗೆ ಬೇರೆ ಏನಾದ್ರೂ ನೋಡೋಣ" ಎನ್ನುತ್ತಾರೆ. ಈ 'ನೋಡೋಣ' ಕೇಳಿದರೆ ನನಗೆ ಮೈ ಉರಿಯುತ್ತದೆ. ನೋಡುವವರು ಯಾರೂ ಹೀಗೆ ಹೇಳುವುದಿಲ್ಲ.

ಮಿಷನ್ ಬೇಕೆಂದು ಹಟ ಹಿಡಿದವನು ತಮ್ಮನೇ. ಕೈ ಒರೆಸಿಕೊಳ್ಳುತ್ತಾ ಹೇಳುತ್ತಾನೆ: "ನಂಗೇನು ಅಣ್ಣನ ಮೇಲೆ ಸಿಟ್ಟಾ? ತಪ್ಪು ನಂದೇ. ಆದ್ರೆ ಪ್ರತಿ ಚಕ್ರಕ್ಕೂ ಆ ಪ್ರಶ್ನೆ. ಕೇಳ್ದಾಗೆಲ್ಲ ಆ ಗೋಡೆ ಕಣ್ಮುಂದೆ ಬರುತ್ತೆ. ಸಾಕಾಗಿದೆ ಸಾರ್."

ಪೆಡಲಣ್ಣನಿಗೆ ಇದೆಲ್ಲ ಗೊತ್ತು. ಕ್ಷಮಿಸಿದ್ದೀರಾ ಎಂದರೆ, "ಇಲ್ಲ" ಎಂದು ತಕ್ಷಣ ಹೇಳುತ್ತಾರೆ. ಸಂಜೆ ತಮ್ಮ ತಂದುಕೊಟ್ಟ ರಿಂಗ್ ಸ್ಪ್ಯಾನರನ್ನು ಈಸಿಕೊಂಡು, ಬಟ್ಟೆಯಲ್ಲಿ ಒರೆಸುತ್ತಾ ಕೂರುತ್ತಾರೆ.

"ಬರ್ಲಿ ಬಿಡಿ ಮಿಷನ್ನು. ನನಗಿಂತ ಚೆನ್ನಾಗೇ ಒತ್ತುತ್ತೆ. ಆದ್ರೆ ಸ್ಪ್ಯಾನರ್ ಹಿಡಿಯೋನು ಇವ್ನೇ ತಾನೆ? ಟ್ರಯಲ್‌ಗೆ ಗಾಡಿ ತೆಗೆಯೋನೂ ಇನ್ಮೇಲೆ ಇವ್ನೇ. ರಿಂಗ್ ಹಾಕಿದ್ಯೇನೋ ಅಂತ ಅದು ಕೇಳುತ್ತಾ?"