ಬೆಳಕು ನೋಡಲು ಕೂತವನು

ದೆವ್ವ, ಗಾಳಿ, ಸೋಂಕು ಎಂದು ಯಾರಾದರೂ ಮಾತು ತೆಗೆದರೆ ಅವರ ಬಾಯಿ ಮುಚ್ಚಿಸುವ ಚಟ ನನಗಿತ್ತು. ಸುರಪುರದ ಹೈಸ್ಕೂಲಿನಲ್ಲಿ ಹಿಂದಿ ಕಲಿಸುತ್ತೇನೆ. ಸ್ಟಾಫ್ ರೂಮಿನಲ್ಲಿ ಇಂಥ ಕಥೆ ಶುರು ಮಾಡಿದವರಿಗೆ "ಮೊದಲ ಸಾಕ್ಷಿ ಕರಕೊಂಡ ಬರ್ರಿ, ಆಮ್ಯಾಲ ಮಾತಾಡೋಣು" ಎನ್ನುತ್ತಿದ್ದೆ. ಈಗ ನನ್ನದೇ ಒಂದು ಹೇಳಬೇಕಾಗಿದೆ, ಸಾಕ್ಷಿ ಇಲ್ಲ. ಮೇಲಾಗಿ ಇದರಲ್ಲಿ ಹೆದರಿಕೆಗಿಂತ ನಾಚಿಕೆಯೇ ಹೆಚ್ಚು. ಅದಕ್ಕೇ ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ.

ಮೊದಲು ಅಣ್ಣನ ಸಾವಿನ ಸಂಗತಿ ಹೇಳುತ್ತೇನೆ. ಅವನು ಶಹಾಪುರದ ಒಂದು ಹತ್ತಿ ಮಿಲ್ಲಿನಲ್ಲಿ ತೂಕ ನೋಡುವ ಕೆಲಸದಲ್ಲಿದ್ದ. ಒಂದು ಮುಂಜಾನೆ ಚಹಾ ಕುಡಿಯುತ್ತಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂಡಿಸುತ್ತೇವೆ. ಬಂದವರು ಹೂವು ಏರಿಸಿ ಕೈ ಮುಗಿಯುತ್ತಾರೆ, ಕೂತಂತೆಯೇ ಮಣ್ಣು ಮಾಡುತ್ತೇವೆ. ಅಣ್ಣ ಎತ್ತರದ ಆಳು. ಎಷ್ಟು ಸಲ ನೆಟ್ಟಗೆ ಮಾಡಿದರೂ ಬಲಕ್ಕೆ ವಾಲುತ್ತಿದ್ದ. ಬದುಕಿದ್ದಾಗಲೂ ಹಾಗೇ ಕೂಡುತ್ತಿದ್ದ, ಸೋದರಮಾವ ಅದಕ್ಕಾಗಿ ಬೈಯುತ್ತಲೇ ಇರುತ್ತಿದ್ದ. ಅವತ್ತು ಮೂರನೆಯ ಸಲ ವಾಲಿದಾಗ ಮಾವನ ಬಾಯಿಂದ ರೂಢಿಯ ಮಾತೇ ಹೊರಬಿತ್ತು: "ಸೀದಾ ಕುಂಡ್ರೋ, ಮಂದಿ ನೋಡಾಕತ್ತಾರ."

ನನಗೆ ನಗು ಬಂತು. ತುಟಿ ಕಚ್ಚಿದರೆ ನಿಲ್ಲುವಂಥದಲ್ಲ, ಹೊಟ್ಟೆಯಿಂದ ಎದ್ದು ಬಂದದ್ದು. ಹೆಗಲ ಮೇಲಿನ ಕೆಂಪು ಟವೆಲು ಮುಖಕ್ಕೆ ಒತ್ತಿಕೊಂಡೆ. ಭುಜ ಕುಣಿಯತೊಡಗಿತು. ಯಾರೋ ಬೆನ್ನು ಸವರಿ "ಸಮಾಧಾನ ಮಾಡ್ಕೋರಿ ಮಾಸ್ತರ" ಎಂದರು. ಎದ್ದು ಹಿತ್ತಲ ಬಚ್ಚಲಿಗೆ ಓಡಿ, ಒಳಗಿನಿಂದ ಚಿಲಕ ಹಾಕಿ, ಟವೆಲು ಕಚ್ಚಿಕೊಂಡು ನಕ್ಕೆ. ನಗು ಇಳಿದ ಮೇಲೆ ನಾಲಿಗೆ ಆಡಿಸಿದರೆ ಹಲ್ಲಿನ ಸಂದಿಯಲ್ಲಿ ಟವೆಲಿನ ಒಂದು ಎಳೆ ಸಿಕ್ಕಿಕೊಂಡಿತ್ತು. ಅದನ್ನು ಉಗುರಿನಿಂದ ಎಳೆದು ತೆಗೆದು, ಮುಖ ತೊಳೆದು ಹೊರಗೆ ಬಂದೆ. ಕಣ್ಣು ಕೆಂಡವಾಗಿದ್ದವು.

ಆ ಕಣ್ಣು ನೋಡಿದ್ದು ವೈನಿ, ಅಣ್ಣನ ಹೆಂಡತಿ. ಅಂದಿನಿಂದ ಮನೆಗೆ ಬಂದವರಿಗೆಲ್ಲ ಆಕೆಯದು ಒಂದೇ ಮಾತು: "ನಮ್ಮ ಮೈದುನ ಅತ್ತಂಗ ಯಾರೂ ಅಳಲಿಲ್ರಿ. ಅಣ್ಣ-ತಮ್ಮ ಅಂದ್ರ ಹಂಗಿರಬೇಕು." ಆಕೆಗೆ ಮಕ್ಕಳಿಲ್ಲ. ಗಂಡನಿಗಾಗಿ ತನ್ನಷ್ಟೇ ಅತ್ತ ಜೀವ ಇನ್ನೊಂದಿದೆ ಎಂಬುದೇ ಆಕೆಗೆ ಆಸರೆ. ಆ ಆಸರೆ ಸುಳ್ಳು ಎಂದು ನನಗೊಬ್ಬನಿಗೇ ಗೊತ್ತಿತ್ತು.

ನಾಲ್ಕು ವರ್ಷದ ಮೇಲೆ ಮುಂಬಯಿಯಿಂದ ಒಂದು ಹಿಂದಿ ಸಿನಿಮಾದವರು ಸುರಪುರಕ್ಕೆ ಬಂದರು. ಕೊಲೆಯ ಕಥೆ, ಆದರೆ ಉದ್ದಕ್ಕೂ ನಗಿಸುವಂಥದು. ಇಬ್ಬರು ಅಳಿಯಂದಿರು ಕೂಡಿ ಹೆಣ್ಣು ಕೊಟ್ಟ ಮಾವನ ತಲೆಗೆ ಹಿಂದಿನಿಂದ ಹೊಡೆದು ಕೊಲ್ಲುತ್ತಾರೆ, ಆಮೇಲೆ ತಾನಾಗಿ ಸತ್ತನೆಂದು ಊರನ್ನು ನಂಬಿಸಲು ಒದ್ದಾಡುತ್ತಾರೆ. ನಟರಿಗೆ ನಮ್ಮ ಕಡೆಯ ದಖನಿ ಹಿಂದಿಯ ಧಾಟಿ ಕಲಿಸಲು, ಜನ ಹೊಂದಿಸಿ ಕೊಡಲು ನನ್ನನ್ನು ಹಿಡಿದರು. ನನ್ನ ಪುಸ್ತಕದ ಹಿಂದಿ ಕೇಳಿ ಅವರು ಒಳಗೊಳಗೇ ನಗುತ್ತಿದ್ದದ್ದು ನನಗೆ ತಿಳಿಯುತ್ತಿತ್ತು. ಅವರೆದುರು ದೊಡ್ಡವನಾಗಬೇಕು ಎಂಬ ಆಸೆ ಆಗಲೇ ಹುಟ್ಟಿತು.

ಒಂದು ಸಂಜೆ ಚಹಾ ಕುಡಿಯುವಾಗ ನಿರ್ದೇಶಕರು, ನಿಮ್ಮಲ್ಲಿ ಸತ್ತರೆ ಏನು ಮಾಡುತ್ತೀರಿ ಎಂದು ಕೇಳಿದರು. ಕೂಡಿಸುವುದನ್ನು ಹೇಳಿದೆ. ಅವರ ಕಣ್ಣು ಅರಳಿದವು. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ನಾನು ಉಬ್ಬಿ, ಅಣ್ಣ ವಾಲಿದ್ದು, ಮಾವ ಗದರಿದ್ದು ಎಲ್ಲವನ್ನೂ ಅಭಿನಯ ಮಾಡಿ ತೋರಿಸಿದೆ. ನಿರ್ದೇಶಕರು ಬಿದ್ದು ಬಿದ್ದು ನಕ್ಕು, ಇದನ್ನು ಸಿನಿಮಾದಲ್ಲಿ ಹಾಕಿಕೊಳ್ಳಲೇ ಎಂದರು. ಧಾರಾಳವಾಗಿ ಹಾಕಿಕೊಳ್ಳಿ ಎಂದೆ, ಮನೆಯ ಮರದ ಮಾವಿನಕಾಯಿ ಕೊಟ್ಟ ಹಾಗೆ. ಟವೆಲಿನ ಸಂಗತಿ ಮಾತ್ರ ಹೇಳಲಿಲ್ಲ. ಅದನ್ನು ನನ್ನ ಹೆಂಡತಿಗೂ ಹೇಳಿದವನಲ್ಲ.

ಆ ದೃಶ್ಯದ ದಿನ ನನಗೆ ಮಧ್ಯಾಹ್ನದವರೆಗೆ ಪರೀಕ್ಷೆಯ ಕೆಲಸವಿತ್ತು. ಹೋಗುವಷ್ಟರಲ್ಲಿ ಅರ್ಧ ಮುಗಿದಿತ್ತು. ಉಳಿದ ಹೊತ್ತೆಲ್ಲ ಹೊರಗೆ ನೆರೆದ ಜನರನ್ನು ತಡೆಯುವುದರಲ್ಲೇ ಕಳೆಯಿತು. ಒಳಗೆ ಏನೇನು ತೆಗೆದರೆಂದು ನೋಡಲಿಲ್ಲ.

ಸಿನಿಮಾ ಬಂತು. ಪತ್ರಿಕೆಯವರು ಹೊಗಳಿದರು, ಅದರಲ್ಲೂ ಹೆಣ ಕೂಡಿಸುವ ದೃಶ್ಯವನ್ನು. ಆ ತುಣುಕು ಎಲ್ಲರ ಫೋನಿನಲ್ಲೂ ಓಡಾಡಿತು. ನಮ್ಮ ಸೋದರಮಾವನ ಮಾತು ಹಿಂದಿಗೆ ಹೋಗಿ ಗಾದೆಯಂತಾಯಿತು. ನನ್ನ ತರಗತಿಯಲ್ಲೇ ಬೆಂಚಿನ ಮೇಲೆ ವಾಲಿದವರಿಗೆ ಪಕ್ಕದವರು ಅದನ್ನೇ ಹೇಳತೊಡಗಿದರು. ಶಾಲೆಯಲ್ಲಿ ನನಗೆ ಶಾಲು ಹೊದಿಸಿ ಸನ್ಮಾನ ಮಾಡಿದರು. ಹೊದಿಸಿಕೊಂಡೆ.

ಮೈದುನನ ಹೆಸರು ಪರದೆಯ ಮೇಲೆ ಬರುತ್ತದೆಂದು ಕೇಳಿ ವೈನಿ ಹಟ ಹಿಡಿದರು. ಎರಡು ಸಲ ನೆಪ ಹೇಳಿದೆ, ಮೂರನೆಯ ಸಲ ಆಗಲಿಲ್ಲ. ಯಾದಗಿರಿಯ ಟಾಕೀಸಿಗೆ ಮಧ್ಯಾಹ್ನದ ಆಟಕ್ಕೆ ಕರೆದುಕೊಂಡು ಹೋದೆ. ಸೋದರಮಾವನ ಆ ಮಾತು ಬಂದಾಗ ಇಡೀ ಟಾಕೀಸು ಹೋ ಎಂದಿತು. ವೈನಿ ಸೆರಗು ಬಾಯಿಗೆ ಇಟ್ಟುಕೊಂಡರು. ಅದು ನಮ್ಮ ಮನೆಯದೇ ಮಾತು ಎಂದು ಅವರಿಗೆ ತಿಳಿಯಿತು. ನೆಲ ಬಾಯಿ ಬಿಟ್ಟರೆ ಇಳಿದುಹೋಗಬೇಕು ಎನಿಸಿತು ನನಗೆ.

ಆಗ ಕಿರಿಯ ಅಳಿಯ ಕೆಂಪು ಟವೆಲು ಮುಖಕ್ಕೆ ಒತ್ತಿಕೊಂಡ. ಅವನ ಭುಜ ಕುಣಿಯತೊಡಗಿತು. ಒಬ್ಬ ಬೆನ್ನು ಸವರಿದ. ಅಳಿಯ ಎದ್ದು ಬಚ್ಚಲಿಗೆ ಓಡಿ ಚಿಲಕ ಹಾಕಿಕೊಂಡ, ಟವೆಲು ಕಚ್ಚಿಕೊಂಡು ನಕ್ಕ, ಆಮೇಲೆ ಕನ್ನಡಿಯ ಮುಂದೆ ನಿಂತು ಹಲ್ಲಿನ ಸಂದಿಯಿಂದ ಕೆಂಪು ಎಳೆ ತೆಗೆದ. ಅಣ್ಣನ ಬಚ್ಚಲಲ್ಲಿ ಕನ್ನಡಿ ಇರಲಿಲ್ಲ. ಅದೊಂದು ಬಿಟ್ಟರೆ ಉಳಿದದ್ದೆಲ್ಲ ನಾನೇ. ಜನ ಸೀಟಿ ಹೊಡೆದರು. ವೈನಿ ನನ್ನ ಕಡೆ ತಿರುಗಿ ನೋಡುತ್ತಿದ್ದರು.

ಇಂಟರ್ವಲ್ಲಿನಲ್ಲಿ ಹೊರಗೆ ಬಂದಾಗ ಕೇಳಿದರು. "ಮಾಮಾ ಅಂದದ್ದು ನೀವ ಹೇಳೀರಿ. ಹೋಗ್ಲಿ, ಬಾಯಿ ತಪ್ಪಿ ಬಂದಿರತೈತಿ. ಆ ಟವೆಲಿಂದು? ಅದೂ ನೀವ ಹೇಳಿದ್ರೇನು?"

"ಇಲ್ಲ ವೈನಿ, ಅದನ್ನ ನಾ ಹೇಳಿಲ್ಲ," ಎಂದೆ.

ಮಾತು ಖರೆ. ಅಷ್ಟು ಖರೆ ಮಾತಿನಿಂದ ಅಷ್ಟು ದೊಡ್ಡ ಸುಳ್ಳನ್ನು ನಾನು ಹಿಂದೆಂದೂ ಹೇಳಿರಲಿಲ್ಲ. ಅವರ ಮುಖ ತಿಳಿಯಾಯಿತು. "ಅದಕ್ಕ ಮತ್ತ. ಸಿನಿಮಾದವ್ರು ಏನ ಬೇಕಾದ್ದು ಸೇರಸ್ತಾರ. ನೀವು ಹ್ಯಾಂಗ ಅತ್ತೀರಿ ಅಂತ ನಾ ಕಣ್ಣಾರೆ ನೋಡೀನಿ," ಎಂದು ನನ್ನ ಕೈಗೆ ಚಹಾ ಕೊಟ್ಟರು.

ಮರುದಿನ ಸಹಾಯಕ ನಿರ್ದೇಶಕಿ ಮೇಘಾಗೆ ಫೋನು ಮಾಡಿ, ಟವೆಲಿನ ಭಾಗ ಬರೆದವರು ಯಾರು ಎಂದು ಕೇಳಿದೆ. ಆಕೆ ನಕ್ಕಳು. ಬರೆದದ್ದಲ್ಲವಂತೆ, ನಾನು ಕಳಿಸಿದ ಮನುಷ್ಯನೇ ಹೇಳಿದ್ದಂತೆ. ಹೆಣದ ಪಾತ್ರದ ನಟನಿಗೆ ಅವತ್ತು ಬಣ್ಣ ಹಚ್ಚುವುದು ತಡವಾಗಿ, ಬೆಳಕು ಹೊಂದಿಸುವವರೆಗೆ ಆ ಜಾಗದಲ್ಲಿ ಊರಿನ ಒಬ್ಬನನ್ನು ಕೂಡಿಸಿದ್ದರಂತೆ. ಎತ್ತರದ ಆಳು. ಹೇಗೆ ಕೂಡಬೇಕೆಂದು ಅವನಿಗೆ ಯಾರೂ ತೋರಿಸಿಕೊಡಬೇಕಾಗಲಿಲ್ಲ, ಆದರೆ ಬಲಕ್ಕೆ ವಾಲುತ್ತಿದ್ದ, ಸರಿ ಮಾಡಿ ಮಾಡಿ ಸಾಕಾಯಿತು ಎಂದಳು. ಕೂತಲ್ಲಿಂದಲೇ ನಿರ್ದೇಶಕರಿಗೆ ಟವೆಲಿನ ಕಥೆ ಹೇಳಿದನಂತೆ. ಅದೆಲ್ಲ ನಿನಗೆ ಹೇಗೆ ಗೊತ್ತು ಎಂದು ಅವರು ಕೇಳಿದ್ದಕ್ಕೆ, ನಾನು ಅಲ್ಲೇ ಕೂತಿದ್ದೆನಲ್ಲ ಎಂದನಂತೆ. ಊಟದ ಹೊತ್ತಿಗೆ ಅವನು ಇರಲಿಲ್ಲ.

ನಾನು ಹೊಂದಿಸಿಕೊಟ್ಟ ಹನ್ನೆರಡು ಮಂದಿಯೂ ನನಗೆ ಗೊತ್ತಿದ್ದವರು. ಅವರಲ್ಲಿ ಎತ್ತರದವರು ಯಾರೂ ಇಲ್ಲ.

ಬಚ್ಚಲಿನ ಬಾಗಿಲ ಸಂದಿಯಿಂದ ಯಾರೋ ನೋಡಿರಬಹುದು, ಆ ಯಾರೋ ಶೂಟಿಂಗಿಗೂ ಬಂದಿರಬಹುದು. ಹೀಗೆ ನನಗೆ ನಾನೇ ಹೇಳಿಕೊಂಡಿದ್ದೇನೆ. ಅಣ್ಣನ ಫೋಟೋ ನನ್ನ ಫೋನಿನಲ್ಲಿದೆ. ಮೇಘಾಗೆ ಕಳಿಸಿ, ಇವನೇನಾ ಎಂದು ಒಂದು ಮಾತು ಕೇಳಿದರೆ ಮುಗಿಯಿತು. ಸಾಕ್ಷಿ ಕೇಳುವ ಚಟವಿದ್ದ ಮನುಷ್ಯ ನಾನು, ಇವತ್ತಿನವರೆಗೆ ಕಳಿಸಿಲ್ಲ.

ಕಳೆದ ವಾರ ಶಹಾಪುರಕ್ಕೆ ಹೋಗಿದ್ದೆ. ವೈನಿಯ ತವರಿನವರು ಯಾರೋ ಬಂದಿದ್ದರು. ಅವರೆದುರು ವೈನಿ ಮತ್ತೆ ಅದನ್ನೇ ತೆಗೆದರು, ನಮ್ಮ ಮೈದುನ ಅತ್ತಂಗ ಯಾರೂ ಅಳಲಿಲ್ಲ ಎಂದು. ಇವತ್ತು ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅವರ ಮುಖ ನೋಡಿ ಮತ್ತೆ ಮುಚ್ಚಿ, ತಲೆ ಕೆಳಗೆ ಹಾಕಿದೆ. ವೈನಿ ಗಾಬರಿಯಾಗಿ ಎದ್ದರು. "ನೋಡ್ರಿ, ಹೆಸರ ತಗದ್ರ ಸಾಕು, ಇನ್ನೂ ಅಳ್ತಾರ," ಎಂದು ಒಳಗಿನಿಂದ ನೀರು ತಂದುಕೊಟ್ಟರು. ಕುಡಿದೆ.