ಎಡಕ್ಕೇ ಎಳೆಯುತ್ತಿದ್ದ ಜೀಪು

ಸ್ನೇಹಿತರೇ, ಇವತ್ತು ಬೆಳಿಗ್ಗೆ ಚನ್ನರಾಯಪಟ್ಟಣದಲ್ಲಿ ನನ್ನ ಜೀಪು ಹತ್ತಿದ ನರ್ಸಮ್ಮ ಎರಡು ಫರ್ಲಾಂಗ್ ದಾಟುವುದರೊಳಗೆ ಇಳಿದುಬಿಟ್ಟರು. ಅತ್ತ ದಂಡಿಗನಹಳ್ಳಿಯಲ್ಲಿ ನನ್ನ ತಂಗಿಗೆ ಹೆರಿಗೆ ನೋವು ಶುರುವಾಗಿತ್ತು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಹಳೇ ಜೀಪು ಅದು. ಕಲ್ಲುದಾರಿಗೆಂದು ಸ್ಪ್ರಿಂಗಿಗೆ ಇನ್ನೊಂದು ಕಬ್ಬಿಣದ ಪಟ್ಟಿ ಸೇರಿಸಿ ಎತ್ತರಿಸಿದ್ದೆ. ಅಂದಿನಿಂದ ಸ್ಟೇರಿಂಗ್ ಎಡಕ್ಕೇ ಎಳೆಯುತ್ತಿತ್ತು.

"ಮೊದಲ್ನೇ ಹೆರಿಗೆ, ಸಂಜೆಗಂಟ ಟೈಮೈತೆ. ಇದ್ರಲ್ಲಿ ಕೂತ್ರೆ ನಾವೇ ತಲುಪಲ್ಲ ಗೌಡ್ರೇ," ಎಂದರು ನರ್ಸಮ್ಮ.

ಹತ್ತಿರದ ಗ್ಯಾರೇಜಿನ ಸಾಬರು ಜೀಪಿನಡಿ ಮಲಗಿ ನೋಡಿದರು. "ಎತ್ತರ ಮಾಡ್ದಾಗಿಂದ ಸ್ಟೇರಿಂಗ್ ರಾಡು ಓರೆ ನಿಂತೈತೆ ಸಾ. ಸೇರ್ಸಿರೋ ಪಟ್ಟಿ ಬಿಚ್ಬೇಕು."

"ಬಿಚ್ಚಿದ್ರೆ ಜೀಪು ಕುಳ್ಳಗಾಯ್ತದಲ್ಲ," ಎಂದೆ.

ನರ್ಸಮ್ಮ ಕೈಚೀಲ ಕೆಳಗಿಟ್ಟರು. "ಎತ್ತರಕ್ಕೆ ಕೂತು ಗದ್ದೆಗೆ ಬೀಳ್ತೀರೋ, ಕುಳ್ಳಗೆ ಕೂತು ತಂಗಿ ಮನೆ ಸೇರ್ತೀರೋ?"

ಪಟ್ಟಿ ಬಿಚ್ಚಿಸಿದೆ. ಜೀಪು ಹೇಳಿದ ಹಾಗೆ ಕೇಳಿತು. ಮಧ್ಯಾಹ್ನ ಮೂರಕ್ಕೆ ಹೆಣ್ಣು ಮಗು ಹುಟ್ಟಿತು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ.

ವಾಪಸ್ ಬರುವಾಗ ನರ್ಸಮ್ಮ ನನ್ನ ಕೈಯನ್ನೇ ನೋಡುತ್ತಿದ್ದರು. "ಇಷ್ಟು ಸಲೀಸಾದ್ರೆ ನಂಗೂ ಓಡ್ಸೋದು ಕಲ್ಸಿ ಗೌಡ್ರೇ," ಎಂದರು. ನಾಳೆಯಿಂದಲೇ ಕಲಿಸುತ್ತೇನೆ ಎಂದೆ. ನಾಳೆ ಬೆಳಿಗ್ಗೆ ದಂಡಿಗನಹಳ್ಳಿ ದಾರಿ ಹಿಡಿಯುವವರು ದಯವಿಟ್ಟು ಸ್ವಲ್ಪ ಬದಿಗೆ ನಡೆಯಿರಿ.